ಇಂಗ್ಲೆಂಡಿನ ಗ್ರಾಮಸೀಮೆ ಮತ್ತು ಅದರ ಕಾವಲುಗಾರರು



ಈ ಉಪನ್ಯಾಸದ ದತ್ತಿಯನ್ನು ಸ್ಥಾಪಿಸಿದ ಮಹನೀಯರು ವಿಷಯಕ್ಕೆ ಯಾವ ಕಟ್ಟುಪಾಡನ್ನೂ ವಿಧಿಸದೆ, ಲೋಕಹಿತಕ್ಕೆ ಸಂಬಂಧಿಸಿದುದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಉಪನ್ಯಾಸಕನಿಗೇ ಬಿಟ್ಟುಕೊಟ್ಟಿರುವುದರಿಂದ, ಇಂಗ್ಲೆಂಡ್ ದೇಶದಲ್ಲಿ ಒಂದೂವರೆ ಶತಮಾನಕ್ಕೂ ಮಿಕ್ಕಿದ ಕಾಲದಿಂದ ನಡೆದುಬಂದಿರುವ ಒಂದು ಸಾರ್ವಜನಿಕ ಸೇವೆಯ ವೃತ್ತಾಂತವನ್ನು ತಮ್ಮ ಮುಂದಿರಿಸಲು ಸಂಕಲ್ಪಿಸಿದ್ದೇನೆ. ಊರಿನ ಹೊರಗಣ ಹೊಲ, ಹುಲ್ಲುಗಾವಲು, ಪೊದೆಗಾಡು, ಬೆಟ್ಟದ ಇಳಿಜಾರುಗಳು ಮನೆಗಳ ಸಾಲಿನ ಕೆಳಗೆ ಅಡಗಿಹೋಗದಂತೆ, ಸಂಬಳವಿಲ್ಲದ, ಅಧಿಕಾರವಿಲ್ಲದ, ಬಹುಮಟ್ಟಿಗೆ ಹೆಸರೂ ಉಳಿಯದ ಸ್ಥಳೀಯ ಜನ ಮಾಡಿದ ಕಾವಲಿನ ಕಥೆ ಇದು. ಇದರಲ್ಲಿ ವೀರಾವೇಶದ ಪ್ರಸಂಗಗಳು ಕೆಲವಿದ್ದರೂ, ಇದರ ಬಹುಭಾಗ ನಕ್ಷೆಗಳನ್ನು ಬಿಡಿಸಿ ನೋಡುವುದು, ಕಾಗದ ಬರೆಯುವುದು, ಚಂದಾ ಎತ್ತುವುದು, ಸಭೆಯಲ್ಲಿ ಗಂಟೆಗಟ್ಟಲೆ ಕಾದು ಕುಳಿತು ಮೂರು ನಿಮಿಷ ಮಾತನಾಡಿ ಮನೆಗೆ ಹಿಂದಿರುಗುವುದು, ಇಂಥ ನೀರಸವೆನಿಸಬಹುದಾದ ಕೆಲಸಗಳಿಂದಲೇ ಕೂಡಿದೆ. ಆ ಕೆಲಸದ ಮಹತ್ತ್ವವನ್ನೇ ನಾನು ಎತ್ತಿ ಹೇಳಬೇಕೆಂದಿದ್ದೇನೆ.

ಮನೆಯಿಲ್ಲದವನಿಗೆ ಮನೆ ಬೇಕು. ಅದನ್ನು ಅಲ್ಲಗಳೆಯುವವನು ಮನುಷ್ಯತ್ವವನ್ನೇ ಅಲ್ಲಗಳೆದಂತೆ. ಹೀಗಿರುವಲ್ಲಿ ಮನೆ ಕಟ್ಟುವುದನ್ನು ತಡೆಯುವವರನ್ನು ಲೋಕ ಮೊದಲ ನೋಟಕ್ಕೆ ಸ್ವಾರ್ಥಿಗಳೆಂದು ಬಗೆಯುವುದು ಸಹಜವಾಗಿದೆ, ಮತ್ತು ಕೆಲವರ ವಿಷಯದಲ್ಲಿ ಆ ಬಗೆ ಸತ್ಯವೂ ಆಗಿದೆ. ಆದರೆ ಈ ಚರಿತ್ರೆಯನ್ನು ಆದ್ಯಂತವಾಗಿ ಪರಿಶೀಲಿಸಿದವನಿಗೆ ಒಂದು ಸಂಗತಿ ಸ್ಪಷ್ಟವಾಗಿ ತೋರುತ್ತದೆ: ಬರಿಯ ‘ಬೇಡ’ವನ್ನು ನುಡಿದವರ ಮಾತು ಹೆಚ್ಚು ಕಾಲ ನಿಲ್ಲಲಿಲ್ಲ; ತಮ್ಮ ಸೀಮೆಯ ನೆಲವನ್ನು ಕಾಲಿನಿಂದ ನಡೆದು ಬಲ್ಲವರಾಗಿ, ಮನೆ ಇಲ್ಲಿ ಬೇಡ, ಅಲ್ಲಿ ಆಗಬಹುದು ಎಂದು ತೋರಿಸಿಕೊಟ್ಟವರ ಮಾತು ಕಾನೂನಾಗಿ ನಿಂತಿತು. ನನ್ನ ಉಪನ್ಯಾಸದ ತಿರುಳು ಇಷ್ಟೇ.

ಹತ್ತೊಂಬತ್ತನೆಯ ಶತಮಾನದ ನಡುಭಾಗಕ್ಕೆ ಲಂಡನ್ ನಗರ ಲೋಕದಲ್ಲೆಲ್ಲ ದೊಡ್ಡ ನಗರವಾಗಿ ಬೆಳೆದು, ರೈಲುಹಾದಿಗಳ ಗುಂಟ ನಾಲ್ಕು ದಿಕ್ಕಿಗೂ ಚಾಚಿಕೊಳ್ಳುತ್ತಿದ್ದ ಕಾಲದಲ್ಲಿ, ಅದರ ಸುತ್ತಣ ಗ್ರಾಮಗಳ ಸಾಮಾನ್ಯ ಭೂಮಿಗಳು, ಅಂದರೆ ನಮ್ಮ ಗೋಮಾಳಗಳಿಗೆ ಬಹಳ ಹತ್ತಿರವಾದ ನೆಲಗಳು, ನಿವೇಶನಗಳಾಗಿ ಬೆಲೆಯೇರತೊಡಗಿದುವು. ಆ ನೆಲದ ಒಡೆತನ ಜಮೀನುದಾರನದು; ಆದರೆ ಅದರ ಮೇಲೆ ದನ ಮೇಯಿಸುವ, ಸೌದೆ ಕಡಿಯುವ, ಜೌಗುಮಣ್ಣನ್ನು ತೆಗೆಯುವ ಹಕ್ಕು ಗ್ರಾಮಸ್ಥರದು. ಹ್ಯಾಂಪ್‌ಸ್ಟೆಡ್ ಹೀತ್ ಎಂಬ ಎತ್ತರದ ಬಯಲಿನ ಮೇಲೆ ಮನೆಗಳನ್ನು ಕಟ್ಟಿಸಬೇಕೆಂದು ಸರ್ ಥಾಮಸ್ ಮೇರಿಯನ್ ವಿಲ್ಸನ್ ಎಂಬ ಜಮೀನುದಾರ ದಶಕಗಳ ಕಾಲ ಹವಣಿಸಿದನು. ನೆರೆಹೊರೆಯ ಜನ ಅಷ್ಟೇ ಕಾಲ ಎದುರು ನಿಂತು, ಕಡೆಗೆ 1871ರಲ್ಲಿ ಅದು ಸಾರ್ವಜನಿಕರಿಗಾಗಿ ಕ್ರಯಕ್ಕೆ ಬಂದಿತು. ಇಂಥ ಹೋರಾಟಗಳಿಗೆ ಒಂದು ಸಂಘಟಿತ ರೂಪ ದೊರೆತುದು 1865ರಲ್ಲಿ, ಜಾರ್ಜ್ ಷಾ ಲೆಫೀವರ್ ಎಂಬ ಪಾರ್ಲಿಮೆಂಟ್ ಸದಸ್ಯನು ಸಾಮಾನ್ಯ ಭೂಮಿಗಳ ಸಂರಕ್ಷಣ ಸಂಘವನ್ನು ಕಟ್ಟಿದಾಗ.

ಆ ಸಂಘದ ಆದಿಕಾಲದ ಒಂದು ಪ್ರಸಂಗವನ್ನು ಇಂಗ್ಲಿಷರು ಇಂದಿಗೂ ಸಂತೋಷದಿಂದ ಹೇಳಿಕೊಳ್ಳುತ್ತಾರೆ. ಬರ್ಕ್‌ಹ್ಯಾಮ್‌ಸ್ಟೆಡ್ ಎಂಬ ಊರಿನ ಸಾಮಾನ್ಯ ಭೂಮಿಗೆ ಲಾರ್ಡ್ ಬ್ರೌನ್‌ಲೋ ಕಬ್ಬಿಣದ ಬೇಲಿಯನ್ನು ಹಾಕಿಸಿದಾಗ, ಅಲ್ಲಿ ಹಕ್ಕುಳ್ಳವನಾಗಿದ್ದ ಆಗಸ್ಟಸ್ ಸ್ಮಿತ್ ಎಂಬಾತ 1866ರ ಮಾರ್ಚ್ ತಿಂಗಳ ಒಂದು ರಾತ್ರಿ ಲಂಡನ್ನಿನಿಂದ ನೂರಕ್ಕೂ ಮಿಕ್ಕ ಕೂಲಿಗಳನ್ನು ರೈಲಿನಲ್ಲಿ ತರಿಸಿ, ಬೆಳಗಾಗುವುದರೊಳಗೆ ಆ ಬೇಲಿಯನ್ನೆಲ್ಲ ಕಿತ್ತು ಒಟ್ಟಿಸಿದನು. ಬೆಳಗ್ಗೆ ಎದ್ದ ಊರವರು ಬಯಲಿಗೆ ಹೋಗಿ, ಅದು ತಮ್ಮದೆಂಬುದಕ್ಕೆ ಸಾಕ್ಷಿಯಾಗಿ ಅಲ್ಲಿನ ಗಿಡದ ಕೊನೆಗಳನ್ನು ಮುರಿದು ಮನೆಗೆ ತಂದರೆಂದು ಹೇಳುತ್ತಾರೆ. ಆದರೆ ಬೇಲಿ ಕಿತ್ತುದರಿಂದಲೇ ವ್ಯಾಜ್ಯ ಮುಗಿಯಲಿಲ್ಲ. ನ್ಯಾಯಾಲಯದಲ್ಲಿ ನಾಲ್ಕು ವರ್ಷ ನಡೆದು 1870ರಲ್ಲಿ ಸ್ಮಿತ್‌ನ ಪರವಾಗಿ ತೀರ್ಪಾಯಿತು. ಒಂದು ರಾತ್ರಿಯ ಕೆಲಸಕ್ಕೆ ಬೆಂಗಾವಲಾಗಿ ನಿಂತುದು ಹಳೆಯ ದಾಖಲೆಗಳನ್ನು ಶೋಧಿಸಿ ಹಕ್ಕನ್ನು ಸಿದ್ಧಪಡಿಸಿದ ವಕೀಲರ ಶ್ರಮ. ಸಾಮಾನ್ಯ ಭೂಮಿಗಳ ಸಂರಕ್ಷಣ ಸಂಘದ ವಕೀಲನಾಗಿದ್ದ ರಾಬರ್ಟ್ ಹಂಟರ್‌ನೇ ಮುಂದೆ ನೆಲವನ್ನು ಸಾರ್ವಜನಿಕರಿಗಾಗಿ ಕಾಯ್ದಿಡುವ ನ್ಯಾಷನಲ್ ಟ್ರಸ್ಟ್ ಎಂಬ ಮಹಾಸಂಸ್ಥೆಯ ಮೂವರು ಸ್ಥಾಪಕರಲ್ಲಿ ಒಬ್ಬನಾದನು.

ಆ ಮೂವರಲ್ಲಿ ಇನ್ನೊಬ್ಬರು ಆಕ್ಟೇವಿಯಾ ಹಿಲ್. ಈ ಮಹಾತಾಯಿಯ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ. ಏಕೆಂದರೆ ಮನೆಯ ಪಕ್ಷ, ಬಯಲಿನ ಪಕ್ಷ ಎಂದು ಇಂದು ನಾವು ಎದುರು ಬದುರಾಗಿ ನಿಲ್ಲಿಸುವ ಎರಡು ಪಕ್ಷಗಳು ಆಕೆಯಲ್ಲಿ ಒಂದೇ ಆಗಿದ್ದುವು. 1865ರಲ್ಲಿ ಕಲಾವಿಮರ್ಶಕ ಜಾನ್ ರಸ್ಕಿನ್ ಕೊಟ್ಟ ಹಣದಿಂದ ಲಂಡನ್ನಿನ ಮೇರಿಲ್‌ಬೋನ್ ಪ್ರಾಂತ್ಯದಲ್ಲಿ ಜೀರ್ಣವಾಗಿದ್ದ ಕೆಲವು ಮನೆಗಳನ್ನು ವಹಿಸಿಕೊಂಡು, ಅವನ್ನು ದುರಸ್ತಿಗೊಳಿಸಿ, ಬಡ ಕುಟುಂಬಗಳಿಗೆ ನ್ಯಾಯವಾದ ಬಾಡಿಗೆಗೆ ಕೊಟ್ಟು, ವಾರಕ್ಕೊಮ್ಮೆ ತಾವೇ ಬಾಗಿಲಿಗೆ ಹೋಗಿ ಬಾಡಿಗೆಯೊಂದಿಗೆ ಅವರ ಕಷ್ಟಸುಖಗಳನ್ನೂ ವಿಚಾರಿಸಿಕೊಂಡು ಬರುತ್ತಿದ್ದವರು ಆಕೆ. ಬಡವರ ವಸತಿಯ ಸುಧಾರಣೆಯಲ್ಲಿ ಆ ದೇಶಕ್ಕೆ ದಾರಿ ತೋರಿದವರಲ್ಲಿ ಆಕೆಗೆ ಮೊದಲ ಪಂಕ್ತಿಯ ಸ್ಥಾನವಿದೆ. ಅದೇ ಆಕ್ಟೇವಿಯಾ ಹಿಲ್, 1875ರಲ್ಲಿ, ಲಂಡನ್ನಿನ ವಾಯವ್ಯ ಅಂಚಿನ ಸ್ವಿಸ್ ಕಾಟೇಜ್ ಹೊಲಗಳಲ್ಲಿ ಮನೆಗಳೇಳುವವೆಂಬ ಸುದ್ದಿ ಬಂದಾಗ, ಅವನ್ನು ಕೊಂಡು ಉಳಿಸಲು ಮನೆಮನೆಗೂ ಅಲೆದು ಹಣ ಕೂಡಿಸಿದರು. ಗಾಳಿಬೆಳಕಿಲ್ಲದ ಓಣಿಗಳಲ್ಲಿ ವಾಸಿಸುವವನಿಗೆ ಭಾನುವಾರದ ದಿನ ಕಾಲ್ನಡೆಯಿಂದ ಮುಟ್ಟಬಹುದಾದ ಅತಿ ಹತ್ತಿರದ ಹೊಲ ಅದು ಎಂಬುದು ಆಕೆಯ ವಾದವಾಗಿತ್ತು. ಆ ಹೋರಾಟ ಸೋತಿತು, ಹೊಲಗಳು ಮಾಯವಾದುವು, ಇಂದು ಅಲ್ಲಿ ಸಿರಿವಂತರ ದೊಡ್ಡ ಮನೆಗಳ ಬೀದಿಯೊಂದಿದೆ. ಸೋತರೂ ಆಕೆ ಸುಮ್ಮನಾಗದೆ, ಅದೇ ದಿಕ್ಕಿನಲ್ಲಿದ್ದ ಪಾರ್ಲಿಮೆಂಟ್ ಹಿಲ್ ಬಯಲುಗಳಿಗಾಗಿ ಶ್ರಮಿಸಿ, 1889ರಲ್ಲಿ ಅವು ಹ್ಯಾಂಪ್‌ಸ್ಟೆಡ್ ಹೀತ್‌ಗೆ ಸೇರುವಂತೆ ಮಾಡಿದವರಲ್ಲಿ ಒಬ್ಬರಾದರು. ನಗರದ ಸುತ್ತ ಹಸಿರಿನದೊಂದು ವಲಯವಿರಬೇಕೆಂಬ ಭಾವನೆಯನ್ನು ಇಂಗ್ಲಿಷಿನಲ್ಲಿ ಮೊದಲು ಆಡಿದವರಲ್ಲಿಯೂ ಆಕೆಯನ್ನು ಎಣಿಸುತ್ತಾರೆ.

ಸ್ವಿಸ್ ಕಾಟೇಜ್ ಹೊಲಗಳ ಸೋಲನ್ನು ನೆನೆದಾಗಲೆಲ್ಲ ನನಗೆ ಒಂದು ವಿಚಾರ ಮರಳಿ ಮರಳಿ ತೋರುತ್ತದೆ. ಹೊಲವನ್ನು ಮುಚ್ಚಿ ಕಟ್ಟಿದ ಮನೆಗಳು ಮನೆಯಿಲ್ಲದವರಿಗೆ ದೊರೆಯಲಿಲ್ಲ. ನಾಡಿನ ಬಯಲನ್ನು ಬಡವನ ಹೆಸರಿನಲ್ಲಿ ಕೇಳುವುದು, ಉಳ್ಳವನಿಗೆ ಮಾರುವುದು, ಇದು ಆ ಕಾಲದಲ್ಲಿಯೂ ನಡೆದಿತ್ತು. ಈ ಕಾಲದಲ್ಲಿಯೂ ನಡೆದಿದೆ. ಆದುದರಿಂದ ಹೊಸ ಮನೆಗಳ ಎಣಿಕೆಯೊಂದನ್ನೇ ಕೇಳಿ ತೃಪ್ತರಾಗದೆ, ಅವು ಯಾರ ಮನೆಗಳೆಂದು ವಿಚಾರಿಸುವುದು ಕಾವಲುಗಾರನ ಮೊದಲ ಕರ್ತವ್ಯವಾಗಿದೆ.

ಮೊದಲನೆಯ ಮಹಾಯುದ್ಧ ಮುಗಿದ ತರುವಾಯ ಪರಿಸ್ಥಿತಿ ಹಿಂದೆಂದೂ ಕಾಣದ ವೇಗವನ್ನು ಪಡೆಯಿತು. ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡ, ಮರಣತೆರಿಗೆಯ ಹೊರೆ ಬಿದ್ದ ಜಮೀನುದಾರರು ತಮ್ಮ ಎಸ್ಟೇಟುಗಳನ್ನು ಮಾರತೊಡಗಿದರು. ಬೇಸಾಯ ಕುಸಿದು ಭೂಮಿಯ ಬೆಲೆ ಇಳಿದಿತ್ತು. ಮೋಟಾರು ಬಸ್ಸು ಹಳ್ಳಿಯ ರಸ್ತೆಗೆ ಬಂದಿತ್ತು. ಹಿಂದಿರುಗಿದ ಸೈನಿಕರಿಗೆ ಯೋಗ್ಯವಾದ ಮನೆಗಳನ್ನು ಕೊಡುವುದಾಗಿ ಸರ್ಕಾರ ಮಾತು ಕೊಟ್ಟಿತ್ತು. ಎರಡು ಯುದ್ಧಗಳ ನಡುವಣ ಇಪ್ಪತ್ತು ವರ್ಷಗಳಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸುಮಾರು 40 ಲಕ್ಷ ಮನೆಗಳು ಎದ್ದುವು. ಇದು ಒಂದು ದೃಷ್ಟಿಯಿಂದ ಮಹತ್ಸಾಧನೆ. ಕೋಟ್ಯಂತರ ಜನ ಮೊದಲ ಬಾರಿಗೆ ಸ್ನಾನದ ಕೋಣೆಯನ್ನೂ ಕೈತೋಟವನ್ನೂ ಕಂಡರು. ಆದರೆ ಕಟ್ಟುವವನು ಹೊಸ ಬೀದಿ, ಹೊಸ ಚರಂಡಿಗಳ ಖರ್ಚನ್ನು ಉಳಿಸುವ ಸಲುವಾಗಿ, ಇದ್ದ ಹೆದ್ದಾರಿಯ ಎರಡೂ ಬದಿಗೆ ಮೈಲುಗಟ್ಟಲೆ ಒಂದೊಂದೇ ಸಾಲು ಮನೆಗಳನ್ನು ಹಗ್ಗಕ್ಕೆ ಬಟ್ಟೆ ಹರವಿದಂತೆ ಹರವುತ್ತಾ ಹೋದನು. ಹಿಂದಣ ಹೊಲ ಹೊಲವಾಗಿಯೇ ಉಳಿದರೂ ರಸ್ತೆಯಲ್ಲಿ ಹೋಗುವವನಿಗೆ ಊರು ಎಲ್ಲಿ ಮುಗಿಯಿತು, ಸೀಮೆ ಎಲ್ಲಿ ತೊಡಗಿತು ಎಂಬುದೇ ತಿಳಿಯದಾಯಿತು.

ಲಿವರ್‌ಪೂಲ್ ವಿಶ್ವವಿದ್ಯಾನಿಲಯದಲ್ಲಿ ನಗರಯೋಜನೆಯ ಪ್ರಾಧ್ಯಾಪಕರಾಗಿದ್ದ ಪ್ಯಾಟ್ರಿಕ್ ಅಬರ್‌ಕ್ರಾಂಬಿಯವರು 1926ರಲ್ಲಿ ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿ ಈ ಅವ್ಯವಸ್ಥೆಯ ಕಡೆಗೆ ದೇಶದ ಗಮನವನ್ನು ಸೆಳೆದರು. ಅದೇ ವರ್ಷದ ಡಿಸೆಂಬರಿನಲ್ಲಿ ಗ್ರಾಮೀಣ ಇಂಗ್ಲೆಂಡಿನ ಸಂರಕ್ಷಣ ಮಂಡಲಿ ಸ್ಥಾಪಿತವಾಯಿತು. ಸಿ.ಪಿ.ಆರ್.ಇ. ಎಂಬ ಮೊದಲಕ್ಷರಗಳಿಂದ ಅದು ಇಂದಿಗೂ ಪ್ರಸಿದ್ಧವಾಗಿದೆ. ವಾಸ್ತುಶಿಲ್ಪಿ ಕ್ಲೌ ವಿಲಿಯಮ್ಸ್ ಎಲಿಸ್ 1928ರಲ್ಲಿ ಬರೆದ ‘ಇಂಗ್ಲೆಂಡ್ ಅಂಡ್ ದಿ ಆಕ್ಟೋಪಸ್’ ಎಂಬ ಉಗ್ರವಾದ ಪುಸ್ತಕ ಆ ಮಂಡಲಿಯ ಕೋಪಕ್ಕೆ ಧ್ವನಿಯಾಯಿತು. ಪುಸ್ತಕಗಳೂ ಮಂಡಲಿಗಳೂ ಲಂಡನ್ನಿನವು. ಆದರೆ ನಿಜವಾದ ಕೆಲಸ ನಡೆದುದು ಜಿಲ್ಲೆಗಳಲ್ಲಿ. ಜಿಲ್ಲೆಗಳ ಕಥೆಗಳಲ್ಲೆಲ್ಲ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದುದು ಷೆಫೀಲ್ಡಿನದು.

ಷೆಫೀಲ್ಡ್ ಉಕ್ಕಿನ ನಗರ, ಹೊಗೆಯ ನಗರ. ಆದರೆ ಅದರ ಪಶ್ಚಿಮದ ಅಂಚಿನಲ್ಲಿಯೇ ಪೀಕ್ ಎಂಬ ಎತ್ತರದ ಬೆಟ್ಟಸೀಮೆ ಆರಂಭವಾಗುತ್ತದೆ. ಆರು ದಿನ ಕುಲುಮೆಯ ಮುಂದೆ ಬೆವರಿದ ಕಾರ್ಮಿಕ ಏಳನೆಯ ದಿನ ಟ್ರ್ಯಾಮಿನ ಕಡೆಯ ನಿಲ್ದಾಣದಲ್ಲಿ ಇಳಿದು ಆ ಬೆಟ್ಟಗಳಿಗೆ ನಡೆಯುವ ವಾಡಿಕೆ ಆ ನಗರದಲ್ಲಿ ಬೇರೂರಿತ್ತು. 1900ರಲ್ಲಿಯೇ ಅಲ್ಲಿ ಕಾರ್ಮಿಕರ ಪಾದಚಾರಿ ಸಂಘವೊಂದು ಹುಟ್ಟಿತ್ತು. ಈ ನಗರದಲ್ಲಿ ಹಳೆಯ ಯಂತ್ರಗಳನ್ನೂ ಗುಜರಿ ಲೋಹವನ್ನೂ ವ್ಯಾಪಾರ ಮಾಡಿ ಶ್ರೀಮಂತನಾದ ಥಾಮಸ್ ವಿಲಿಯಂ ವಾರ್ಡ್ ಎಂಬ ಉದ್ಯಮಿಯಿದ್ದನು. ಮಹಾಯುದ್ಧದಲ್ಲಿ ಕುದುರೆಗಳನ್ನೆಲ್ಲ ಸೈನ್ಯ ಒಯ್ದಾಗ ಆತನ ಕಂಪೆನಿಯವರು ಸಂಚಾರಿ ಮೃಗಶಾಲೆಯೊಂದರಿಂದ ಲಿಜ್ಜಿ ಎಂಬ ಆನೆಯನ್ನು ಪಡೆದು ಷೆಫೀಲ್ಡಿನ ಕಲ್ಲುಹಾಸಿನ ಬೀದಿಗಳಲ್ಲಿ ಉಕ್ಕಿನ ಹೊರೆಯನ್ನು ಎಳೆಸಿದರೆಂಬುದು, ಮರಮುಟ್ಟು ಎಳೆಯುವ ಆನೆಗಳನ್ನು ಬಲ್ಲ ನಮ್ಮ ಮಲೆನಾಡಿನವರಿಗೆ ಆಪ್ತವೆನಿಸಬಹುದಾದ ಸಂಗತಿ. ಆತನ ಮಗಳು ಎಥೆಲ್. 1894ರಲ್ಲಿ ಹುಟ್ಟಿದ ಈಕೆ ಯುದ್ಧಕಾಲದಲ್ಲಿ ಒಬ್ಬ ಸೈನ್ಯಾಧಿಕಾರಿಯನ್ನು ವಿವಾಹವಾಗಿ, 1917ರಲ್ಲಿ ಆತ ರಣಭೂಮಿಯಲ್ಲಿ ಮಡಿಯಲು, ಇಪ್ಪತ್ತಮೂರರ ವಯಸ್ಸಿಗೆ ವಿಧವೆಯಾದರು. ಆ ದುಃಖದಿಂದ ಆರೋಗ್ಯ ಕೆಟ್ಟಿದ್ದ ಆಕೆಯನ್ನು ಮನೆಯವರು ಬೆಟ್ಟಗಳಿಗೆ ನಡೆದಾಡಲು ಕರೆದೊಯ್ಯುತ್ತಿದ್ದರು. ಆ ನಡಿಗೆಯೇ ಆಕೆಗೆ ಚಿಕಿತ್ಸೆಯಾಯಿತು.

ತನ್ನನ್ನು ಬದುಕಿಸಿದ ನೆಲ ಅಪಾಯದಲ್ಲಿದೆಯೆಂಬುದನ್ನು ಕಂಡ ಎಥೆಲ್, 1924ರಲ್ಲಿ ತಮ್ಮ ಮನೆಯಲ್ಲಿ ಕೆಲವು ಮಿತ್ರರನ್ನು ಸೇರಿಸಿ ಸ್ಥಳೀಯ ಪ್ರಕೃತಿದೃಶ್ಯಗಳ ರಕ್ಷಣೆಗಾಗಿ ಒಂದು ಸಂಘವನ್ನು ಕಟ್ಟಿದರು. ರಾಷ್ಟ್ರಮಟ್ಟದ ಮಂಡಲಿ ಹುಟ್ಟುವುದಕ್ಕೆ ಎರಡು ವರ್ಷ ಮೊದಲೇ ಇದು ಹುಟ್ಟಿತೆಂಬುದನ್ನು ಗಮನಿಸಬೇಕು. ಮೂರು ವರ್ಷಗಳೊಳಗಾಗಿ ಅವರಿಗೆ ಮೊದಲ ಪರೀಕ್ಷೆ ಒದಗಿತು. ರಟ್‌ಲೆಂಡಿನ ಡ್ಯೂಕ್ ತನ್ನ ಲಾಂಗ್‌ಷಾ ಎಸ್ಟೇಟನ್ನು ಮಾರಾಟಕ್ಕಿಟ್ಟನು. ನಗರದ ಬಾಗಿಲಿನಲ್ಲಿಯೇ ಇದ್ದ ಆ ಬೆಟ್ಟಪ್ರದೇಶ ತುಂಡುತುಂಡಾಗಿ ಕಟ್ಟುವವರ ಪಾಲಾಗುವ ಸಂಭವವಿತ್ತು. ಎಥೆಲ್ ಮತ್ತು ಅವರ ಸಂಗಡಿಗರು ಊರಿನ ಮುಂದೆ ಬೇಡಿಕೆಯಿಟ್ಟು, ಶ್ರೀಮಂತರಿಂದ ದೊಡ್ಡ ಮೊತ್ತವನ್ನೂ ಸಾಮಾನ್ಯರಿಂದ ಸಣ್ಣ ಕಾಣಿಕೆಯನ್ನೂ ಕೂಡಿಸಿ, 747 ಎಕರೆಗಳನ್ನು ಕೊಂಡು 1931ರಲ್ಲಿ ನ್ಯಾಷನಲ್ ಟ್ರಸ್ಟಿಗೆ ಒಪ್ಪಿಸಿದರು.

ಎಲ್ಲವನ್ನೂ ಕೊಂಡು ಉಳಿಸಲಾಗದೆಂಬುದು ಆಕೆಗೆ ಬೇಗನೆ ತಿಳಿಯಿತು. ಅವರ ಸಂಘದ ಕೆಲಸಕ್ಕೆ ಬಂದು ಸೇರಿದ ತರುಣ ವಾಸ್ತುಶಿಲ್ಪಿ ಜೆರಾಲ್ಡ್ ಹೇಥಾರ್ನ್‌ತ್ವೇಟರನ್ನು ಆಕೆ 1937ರಲ್ಲಿ ವಿವಾಹವಾದರು. ಆಕೆಯಲ್ಲಿ ಬರವಣಿಗೆಯ ಶಕ್ತಿ, ಜನರನ್ನು ಒಲಿಸುವ ಶಕ್ತಿಗಳಿದ್ದರೆ, ಆತನಲ್ಲಿ ನಕ್ಷೆಯನ್ನೋದುವ ಕಣ್ಣಿತ್ತು. ಮನೆ ಕಟ್ಟುವ ವಿದ್ಯೆಯನ್ನು ಕಲಿತವನೇ ಮನೆ ಕಟ್ಟಬಾರದ ಸ್ಥಳಗಳ ಮೇರೆಯನ್ನು ಗುರುತಿಸಲು ಸಮರ್ಥನಾದನು. ನಗರದ ಸುತ್ತ ಯಾವ ಕಣಿವೆ ಎಲ್ಲಿಯವರೆಗೆ ತೆರೆದಿರಬೇಕು, ಯಾವ ಏಣಿನ ಮೇಲೆ ಮನೆ ಎದ್ದರೆ ಎಷ್ಟು ದೂರದಿಂದ ಕಣ್ಣಿಗೆ ಬೀಳುತ್ತದೆ ಎಂಬುದನ್ನೆಲ್ಲ ಹೊಲಹೊಲವನ್ನು ತುಳಿದು ಸಮೀಕ್ಷಿಸಿ ನಗರಸಭೆಯ ಮುಂದಿಟ್ಟರು. 1938ರಲ್ಲಿ ಷೆಫೀಲ್ಡ್ ನಗರಸಭೆ ತನ್ನ ಸುತ್ತ ಹಸಿರುವಲಯವೊಂದನ್ನು ತಾತ್ಕಾಲಿಕವಾಗಿ ಅಂಗೀಕರಿಸಿತು. ಎರಡನೆಯ ಮಹಾಯುದ್ಧದ ತರುವಾಯ ರಾಷ್ಟ್ರೀಯ ಉದ್ಯಾನಗಳ ವಿಚಾರವಾಗಿ ಸರ್ಕಾರ ನೇಮಿಸಿದ ಸಮಿತಿಯಲ್ಲಿ ಎಥೆಲ್ ಸದಸ್ಯರಾಗಿದ್ದರು. 1949ರ ಶಾಸನದ ಮೇರೆಗೆ 1951ರ ಏಪ್ರಿಲ್ ತಿಂಗಳಲ್ಲಿ ಪೀಕ್ ಸೀಮೆ ಬ್ರಿಟನ್ನಿನ ಮೊದಲನೆಯ ರಾಷ್ಟ್ರೀಯ ಉದ್ಯಾನವಾಯಿತು. ಇಂದು ಷೆಫೀಲ್ಡ್ ನಗರದ ಆಡಳಿತ ಮೇರೆಯೊಳಗಿನ ಸುಮಾರು ಮೂರನೆಯ ಒಂದು ಭಾಗ ಆ ಉದ್ಯಾನಕ್ಕೆ ಸೇರಿದೆ. ಎಥೆಲ್ 1986ರಲ್ಲಿ ತೀರಿಕೊಂಡರು. ಅರುವತ್ತು ವರ್ಷಕ್ಕೆ ಹತ್ತಿರವಾಗಿ ಒಂದೇ ನೆಲಕ್ಕಾಗಿ, ವೇತನವನ್ನಪೇಕ್ಷಿಸದೆ, ದುಡಿದ ಜೀವ ಅದು. ಅವರ ಹೆಸರು ಇಂಗ್ಲೆಂಡಿನಲ್ಲಿಯೇ ಎಷ್ಟೋ ಜನಕ್ಕೆ ಅಪರಿಚಿತವೆಂಬುದು ವಿಷಾದಕರ.

ಈ ನಡುವೆ ಕಾನೂನುಗಳು ಒಂದಾದ ಮೇಲೊಂದು ಬಂದುವು. 1935ರಲ್ಲಿ ರಸ್ತೆಬದಿಯ ಸಾಲುಮನೆಗಳ ನಿರ್ಬಂಧ, 1938ರಲ್ಲಿ ಲಂಡನ್ನಿನ ಸುತ್ತಣ ಹಸಿರುವಲಯದ ಶಾಸನ, ಇವೆಲ್ಲಕ್ಕೂ ಶಿಖರಪ್ರಾಯವಾಗಿ 1947ರ ನಗರ ಮತ್ತು ಗ್ರಾಮಾಂತರ ಯೋಜನಾ ಶಾಸನ. ಭೂಮಿಯ ಒಡೆಯನಾದ ಮಾತ್ರಕ್ಕೆ ಅದರ ಮೇಲೆ ಕಟ್ಟುವ ಹಕ್ಕು ಬರುವುದಿಲ್ಲ, ಸಮುದಾಯದ ಅನುಮತಿಯನ್ನು ಪಡೆಯಬೇಕು ಎಂಬ ತತ್ತ್ವವನ್ನು ಅದು ಸ್ಥಾಪಿಸಿತು. 1955ರಲ್ಲಿ ಡಂಕನ್ ಸ್ಯಾಂಡಿಸ್ ಎಂಬ ಮಂತ್ರಿಯ ಸುತ್ತೋಲೆ ದೇಶದ ಇತರ ನಗರಗಳಿಗೂ ಹಸಿರುವಲಯವನ್ನು ವಿಸ್ತರಿಸಿತು. ಇಂದು ಅದು ಇಂಗ್ಲೆಂಡಿನ ಭೂಭಾಗದಲ್ಲಿ ಶೇಕಡ 12ರಿಂದ 13ರಷ್ಟನ್ನು ವ್ಯಾಪಿಸಿದೆ.

ಕಾನೂನು ಬಂದ ಮೇಲೆ ಸ್ವಯಂಸೇವಕನ ಕೆಲಸ ಮುಗಿಯಿತೆಂದು ತಿಳಿಯಬಾರದು. ಅದು ಆಗ ಮತ್ತೊಂದು ರೂಪದಲ್ಲಿ ಆರಂಭವಾಯಿತು. ಊರಿನ ಪಕ್ಕದ ಹೊಲದಲ್ಲಿ ಮನೆಗಳನ್ನು ಕಟ್ಟಲು ಅರ್ಜಿ ಬಂದಾಗ, ಕಂಬಕ್ಕೋ ಬೇಲಿಗೋ ಒಂದು ಪ್ರಕಟಣೆಯನ್ನು ಅಂಟಿಸುತ್ತಾರೆ. ಅಭಿಪ್ರಾಯ ತಿಳಿಸಲು ಸಾಮಾನ್ಯವಾಗಿ 21 ದಿನಗಳ ಅವಕಾಶವಿರುತ್ತದೆ. ಆ ಇಪ್ಪತ್ತೊಂದು ದಿನಗಳಲ್ಲಿ ನಿವೃತ್ತ ಉಪಾಧ್ಯಾಯಿನಿ, ಅಂಚೆಯವನು, ದಾದಿ, ಎಂಜಿನಿಯರು, ಹೀಗೆ ಕೂಡಿದ ಜನ ನೂರಾರು ಪುಟಗಳ ವರದಿಗಳನ್ನು ಹಂಚಿಕೊಂಡು ಓದಬೇಕು. ತನ್ನ ಕಿಟಕಿಯ ನೋಟ ಕೆಡುತ್ತದೆ, ತನ್ನ ಮನೆಯ ಬೆಲೆ ಇಳಿಯುತ್ತದೆ ಎಂಬ ಆಕ್ಷೇಪಣೆಗೆ ಅಲ್ಲಿ ಬೆಲೆಯಿಲ್ಲ. ಮಳೆಗಾಲದಲ್ಲಿ ಯಾವ ಹಳ್ಳ ತುಂಬಿ ಯಾವ ಬೀದಿಗೆ ನೀರು ನುಗ್ಗುತ್ತದೆ, ಶಾಲೆಯಲ್ಲಿ ಎಷ್ಟು ಮಕ್ಕಳಿಗೆ ಸ್ಥಳವಿದೆ, ಕಿರುದಾರಿಯಲ್ಲಿ ಎರಡು ವಾಹನ ಎದುರಾದರೆ ಏನಾಗುತ್ತದೆ, ಹಳೆಯ ಬೇಲಿಸಾಲಿನಲ್ಲಿ ಯಾವ ಬಾವಲಿ, ಕೊಳದಲ್ಲಿ ಯಾವ ಉಭಯಚರ ವಾಸಿಸುತ್ತದೆ, ಇವನ್ನು ಪ್ರಮಾಣಪೂರ್ವಕವಾಗಿ ಹೇಳಬೇಕು. ಸಲಹೆಗಾರನೊಬ್ಬ ಒಂದು ದಿನ ಬಂದು ನೋಡಿ ಬರೆದ ವರದಿಗೆದುರಾಗಿ, ಹದಿನೈದು ಮಳೆಗಾಲ ಆ ಹಳ್ಳವನ್ನು ಕಂಡವನ ಛಾಯಾಚಿತ್ರಗಳು ನಿಲ್ಲುತ್ತವೆ. ಸ್ಥಳೀಯನ ಬಲ ಇದರಲ್ಲಿದೆ; ಇದನ್ನು ಹಣ ಕೊಟ್ಟು ಕೊಳ್ಳಲಾಗುವುದಿಲ್ಲ.

ಆದರೆ ಕಾಳಗ ಸಮಬಲರದಲ್ಲವೆಂಬುದನ್ನೂ ಹೇಳಬೇಕು. ಅನುಮತಿ ನಿರಾಕೃತವಾದರೆ ಕಟ್ಟುವವನು ಮೇಲ್ಮನವಿ ಸಲ್ಲಿಸಬಹುದು. ಅನುಮತಿ ದೊರೆತರೆ ಆಕ್ಷೇಪಿಸಿದ ಗ್ರಾಮಸ್ಥನಿಗೆ ಅಂಥ ಹಕ್ಕು ಆ ದೇಶದ ಕಾನೂನಿನಲ್ಲಿಲ್ಲ. ಮೇಲ್ಮನವಿಯ ವಿಚಾರಣೆಯಲ್ಲಿ ಕಂಪೆನಿಯ ಪರವಾಗಿ ಬ್ಯಾರಿಸ್ಟರುಗಳು ನಿಲ್ಲುತ್ತಾರೆ. ಊರವರು ‘ರೂಲ್ ಸಿಕ್ಸ್’ ಪಕ್ಷವಾಗಿ ಸೇರಿ, ಸಾಕ್ಷಿ ನುಡಿದು, ಪಾಟೀಸವಾಲು ಮಾಡುವ ಅವಕಾಶವನ್ನು ಪಡೆಯಬಹುದಾದರೂ, ಅದಕ್ಕೆ ಬೇಕಾದ ಹಣವನ್ನು ಸಂತೆ, ಭೋಜನಕೂಟಗಳ ಮೂಲಕ ತಾವೇ ಕೂಡಿಸಬೇಕು. ಐದು ವರ್ಷಗಳಿಗೆ ಸಾಲುವಷ್ಟು ನಿವೇಶನಭೂಮಿಯನ್ನು ತೋರಿಸಲು ಸ್ಥಳೀಯ ಪರಿಷತ್ತು ಅಸಮರ್ಥವಾದರೆ, ಎಷ್ಟು ಒಳ್ಳೆಯ ವಾದವೂ ತನ್ನ ಬಲವನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಇದು ನ್ಯಾಯವೆಂದು ನನಗೆ ತೋರುವುದಿಲ್ಲ.

ಆಕ್ಸ್‌ಫರ್ಡ್ ಪ್ರಾಂತ್ಯದ ಎರಡು ಊರುಗಳ ದೃಷ್ಟಾಂತವನ್ನು ಹೇಳುತ್ತೇನೆ. ಸನ್ನಿಂಗ್‌ವೆಲ್ ಎಂಬ ಹಳ್ಳಿಯ ಚರ್ಚಿನ ಬಳಿ ಧರ್ಮಸಂಸ್ಥೆಗೆ ಸೇರಿದ ಒಂದು ಬಯಲಿತ್ತು. ಅಲ್ಲಿ ಮನೆ ಕಟ್ಟುವ ಪ್ರಸ್ತಾಪ ಬಂದಾಗ, ಊರವರು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅಲ್ಲಿ ನಾಯಿಗಳನ್ನು ಅಡ್ಡಾಡಿಸಿದುದಕ್ಕೆ, ಮಕ್ಕಳು ಗಾಳಿಪಟ ಹಾರಿಸಿದುದಕ್ಕೆ, ಹಣ್ಣು ಬಿಡಿಸಿದುದಕ್ಕೆ ಸಾಕ್ಷಿ ಹೇಳಿದರು. ಆ ಭೂಮಿ ಗ್ರಾಮದ ಸಾರ್ವಜನಿಕ ಬಯಲಾಗಿ ನೋಂದಾಯಿತವಾಗಬಲ್ಲುದೆಂದು 1999ರಲ್ಲಿ ಹೌಸ್ ಆಫ್ ಲಾರ್ಡ್ಸ್ ನ್ಯಾಯಪೀಠ ತೀರ್ಮಾನಿಸಿತು. ಈ ತೀರ್ಪನ್ನು ಹಿಡಿದು ಅನೇಕ ಊರುಗಳು ತಮ್ಮ ಬಯಲುಗಳನ್ನು ಉಳಿಸಿಕೊಂಡುವು. 2013ರಲ್ಲಿ ಪಾರ್ಲಿಮೆಂಟು ಈ ದಾರಿಯನ್ನು ಸಾಕಷ್ಟು ಕಿರಿದುಗೊಳಿಸಿತು.

ಇನ್ನೊಂದು ಊರು ಥೇಮ್. 775 ಮನೆಗಳನ್ನು ಆ ಪಟ್ಟಣ ಹೊರಬೇಕೆಂದು ಜಿಲ್ಲಾ ಯೋಜನೆ ವಿಧಿಸಿ, ಅವನ್ನೆಲ್ಲ ಊರಂಚಿನ ಒಂದೇ ಕಡೆ ಇರಿಸಲು ಹೊರಟಿತ್ತು. 2011ರ ಸ್ಥಳೀಯಾಧಿಕಾರ ಶಾಸನ ಕೊಟ್ಟ ಅಧಿಕಾರವನ್ನು ಬಳಸಿ ಊರವರು ತಮ್ಮದೇ ಯೋಜನೆಯನ್ನು ರಚಿಸಿದರು. ಮನೆಗಳ ಸಂಖ್ಯೆಯನ್ನು ಅವರು ಕಡಿಮೆ ಮಾಡಲಿಲ್ಲ; ಬೇರೆ ಬೇರೆ ನಿವೇಶನಗಳಿಗೆ ಹಂಚಿ, ಪಟ್ಟಣದ ನಡುವಿಗೆ ನಡೆದು ಹೋಗುವಂತೆಯೂ ಹೊರಗಣ ಬಯಲು ಬಯಲಾಗಿಯೇ ಉಳಿಯುವಂತೆಯೂ ವ್ಯವಸ್ಥೆ ಮಾಡಿದರು. 2013ರಲ್ಲಿ ನಡೆದ ಜನಮತಗಣನೆಯಲ್ಲಿ ಅದಕ್ಕೆ ಬಹುಮತ ದೊರೆಯಿತು. ನನ್ನ ದೃಷ್ಟಿಯಲ್ಲಿ ಥೇಮಿನ ಜನ ಮಾಡಿದುದು ಸನ್ನಿಂಗ್‌ವೆಲ್ಲಿನ ಜಯಕ್ಕಿಂತಲೂ ಹೆಚ್ಚಿನ ಕಾರ್ಯ.

ಹಾಗಾದರೆ ಈ ಚಳವಳಿಗೆ ದೋಷವಿಲ್ಲವೆ? ಇದೆ. ಹಸಿರುವಲಯದ ಒಳಗೆ ಮನೆಯುಳ್ಳವನ ಆಸ್ತಿ ಅಯಾಚಿತವಾಗಿ ಬೆಲೆಯೇರುತ್ತದೆ. ಹೊರಗಿನವನಿಗೆ, ಅದರಲ್ಲಿಯೂ ತರುಣರಿಗೆ, ಊರಿನೊಳಕ್ಕೆ ಬಾಗಿಲು ಮುಚ್ಚುತ್ತದೆ. ಹಳ್ಳಿಯ ಕೂಲಿಗಾರನ ಮಗ ತಾನು ಹುಟ್ಟಿದ ಹಳ್ಳಿಯಲ್ಲಿ ಮನೆಯನ್ನು ಕೊಳ್ಳಲಾರದೆ ದೂರದ ಪಟ್ಟಣಕ್ಕೆ ಹೋಗುತ್ತಾನೆ. ಅವನು ಕೊಳ್ಳಲಾಗದ ಮನೆಯನ್ನು ಲಂಡನ್ನಿನವನು ವಾರಾಂತ್ಯದ ವಿಹಾರಕ್ಕೆ ಕೊಳ್ಳುತ್ತಾನೆ. ಸಂರಕ್ಷಣೆಯ ಹೆಸರಿನಲ್ಲಿ ಸುಖಸ್ಥರು ತಮ್ಮ ಸುಖಕ್ಕೆ ಬೇಲಿ ಕಟ್ಟಿಕೊಂಡುದು ಅಲ್ಲಲ್ಲಿ ನಡೆದಿದೆ, ಅದನ್ನು ಮುಚ್ಚಿಡುವುದು ಚಳವಳಿಗೇ ದ್ರೋಹ. ಇದಕ್ಕೆ ಉತ್ತರವಾಗಿ ಸಿ.ಪಿ.ಆರ್.ಇ. ಸಂಸ್ಥೆ ಹಾಳುಬಿದ್ದ ಕಾರ್ಖಾನೆ, ಗೋದಾಮುಗಳ ನೆಲವನ್ನು ಲೆಕ್ಕ ಹಾಕಿ, ಅಲ್ಲಿಯೇ 12 ಲಕ್ಷ ಮನೆಗಳಿಗೆ ಅವಕಾಶವಿದೆಯೆಂದು 2022ರ ವರದಿಯಲ್ಲಿ ತೋರಿಸಿದೆ. ಹಳ್ಳಿಗಳಲ್ಲಿ ಸ್ಥಳೀಯರ ಶಕ್ತಿಗೆ ನಿಲುಕುವ ಬೆಲೆಯ ಮನೆಗಳನ್ನು ಅದು ತಾನೇ ಒತ್ತಾಯಿಸಿ ಕೇಳುತ್ತಿದೆ. ಈಗಿನ ಸರ್ಕಾರ ಐದು ವರ್ಷಗಳಲ್ಲಿ 15 ಲಕ್ಷ ಮನೆಗಳ ಗುರಿಯನ್ನಿಟ್ಟು, 2024ರ ಡಿಸೆಂಬರಿನಲ್ಲಿ ಹಸಿರುವಲಯದ ಕೆಲವು ಭಾಗಗಳನ್ನು ‘ಗ್ರೇ ಬೆಲ್ಟ್’ ಎಂದು ಬೇರ್ಪಡಿಸಿ ತೆರೆದಿರುವುದರಿಂದ, ಊರೂರಿನ ಸಂಘಗಳಿಗೆ ಮತ್ತೆ ಹೊಸ ಕೆಲಸ ಒದಗಿದೆ.

ಈ ವೃತ್ತಾಂತಕ್ಕೂ ನಮಗೂ ಏನು ಸಂಬಂಧವೆಂದು ಕೇಳುವವರಿರಬಹುದು. ನಮ್ಮ ಬೆಂಗಳೂರಿನ ಯೋಜನೆಗಳಲ್ಲಿ ಕಂಡುಬಂದ ಹಸಿರುವಲಯದ ಕಲ್ಪನೆ ಆ ದೇಶದಿಂದಲೇ ಬಂದುದು. 1961ರ ನಮ್ಮ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದ ಹೆಸರಿನಲ್ಲಿಯೇ 1947ರ ಇಂಗ್ಲಿಷ್ ಶಾಸನದ ಛಾಯೆಯಿದೆ. ಶಾಸನವನ್ನು ತಂದೆವು, ಅದರ ಹಿಂದೆ ನಿಂತಿದ್ದ ಊರೂರಿನ ಕಾವಲನ್ನು ತರಲಿಲ್ಲ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು; ಗೋಮಾಳ, ಗುಂಡುತೋಪು, ರಾಜಕಾಲುವೆಯ ಖರಾಬು ನೆಲಗಳು ಬಡಾವಣೆಗಳಾದುವು. ಒಂದು ಭೇದವನ್ನು ಮಾತ್ರ ಮರೆಯಬಾರದು. ಇಂಗ್ಲೆಂಡಿನಲ್ಲಿ ಹೊಲವನ್ನು ಕಾಯುವವನು ಸಾಮಾನ್ಯವಾಗಿ ಅದನ್ನು ಉಳುವವನಲ್ಲ; ಅನೇಕ ವೇಳೆ ಉಳುವವನೇ ಅದನ್ನು ಮಾರುವವನು. ನಮ್ಮಲ್ಲಿ ಬೇಸಾಯವೇ ಜೀವನವಾದವನು ತನ್ನ ಅನ್ನಕ್ಕಾಗಿ ನಿಲ್ಲುತ್ತಾನೆ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ ಕೈಗಾರಿಕೆಗಾಗಿ 1,777 ಎಕರೆಗಳ ಭೂಸ್ವಾಧೀನವನ್ನು ವಿರೋಧಿಸಿ ರೈತರು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕುಳಿತು, 2025ರ ಜುಲೈ ತಿಂಗಳಲ್ಲಿ ಸರ್ಕಾರ ಅದನ್ನು ಕೈಬಿಡುವಂತೆ ಮಾಡಿದುದು ಆ ನಿಲುವಿನ ದೃಷ್ಟಾಂತ. ಆದರೆ ಎಲ್ಲ ನೆಲಕ್ಕೂ ಅಂಥ ಒಡೆಯನಿಲ್ಲ. ಗೋಮಾಳವನ್ನೂ ಕೆರೆಯಂಗಳವನ್ನೂ ತನ್ನದೆಂದು ಹೇಳಿಕೊಳ್ಳುವವನು ಯಾರೂ ಇಲ್ಲದಿರುವುದರಿಂದಲೇ ಅವು ಮೊದಲು ಹೋಗುತ್ತವೆ.

ನಮ್ಮ ಅಧಿನಿಯಮವೂ ಮಹಾಯೋಜನೆಯ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆಗಳನ್ನೂ ಸಲಹೆಗಳನ್ನೂ ಆಹ್ವಾನಿಸಬೇಕೆಂದು ವಿಧಿಸುತ್ತದೆ. 2017ರಲ್ಲಿ ಪ್ರಕಟವಾದ ಬೆಂಗಳೂರಿನ 2031ರ ಮಹಾಯೋಜನೆಯ ಕರಡಿಗೆ ನಾಗರಿಕರಿಂದ ಆಕ್ಷೇಪಣೆಗಳ ಮಹಾಪೂರವೇ ಬಂದಿತು; ಆ ಕರಡು ಕಡೆಗೆ ಹಿಂದಕ್ಕೆ ಹೋಯಿತು. ಬೆಂಗಳೂರಿನಲ್ಲಿ ಸಾಧ್ಯವಾದುದು ತುಮಕೂರಿನಲ್ಲಿ, ಹಾಸನದಲ್ಲಿ, ಧಾರವಾಡದಲ್ಲಿ ಅಸಾಧ್ಯವೆ? ಈ ಸಭೆಯಲ್ಲಿ ಉಪಾಧ್ಯಾಯರಿದ್ದೀರಿ, ವಕೀಲರಿದ್ದೀರಿ, ಎಂಜಿನಿಯರುಗಳಿದ್ದೀರಿ, ಕಾಲೇಜಿನ ವಿದ್ಯಾರ್ಥಿಗಳಿದ್ದೀರಿ. ತಮ್ಮ ಪಟ್ಟಣದ ಯೋಜನಾ ಪ್ರಾಧಿಕಾರದ ಕಚೇರಿಗೆ ಹೋಗಿ ಜಾರಿಯಲ್ಲಿರುವ ಮಹಾಯೋಜನೆಯ ನಕ್ಷೆಯನ್ನು ಕೇಳಿ ನೋಡಿ. ಅದರಲ್ಲಿ ತಮ್ಮ ಊರಿನ ಗೋಮಾಳ, ಕೆರೆ, ಕಾಲುವೆ, ತೋಪುಗಳನ್ನು ಯಾವ ಬಣ್ಣದಿಂದ ಗುರುತಿಸಿದ್ದಾರೆಂಬುದನ್ನು ತಿಳಿಯಿರಿ. ಆ ನಕ್ಷೆಯನ್ನು ಕೈಯಲ್ಲಿ ಹಿಡಿದು ಆ ನೆಲವನ್ನು ಒಮ್ಮೆ ನಡೆದು ನೋಡಿ, ವ್ಯತ್ಯಾಸ ಕಂಡಲ್ಲಿ ಬರೆದು ಸಲ್ಲಿಸಿ, ಸ್ವೀಕೃತಿಯನ್ನು ಪಡೆಯಿರಿ. ಊರಿಗೆ ಮನೆಗಳು ಬೇಕಾಗಿದ್ದರೆ ಅವು ಎಲ್ಲಿ ಆಗಬಹುದೆಂಬುದನ್ನೂ ಅದೇ ಕಾಗದದಲ್ಲಿ ತೋರಿಸಿರಿ. ಇದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.